55 ತುಂಬಿತು, ಆಗಬಾರದ್ದೇನೂ ಆಗಿಲ್ಲ, ಆದ್ರೂ ಮನಸ್ಸು ಕುಸಿದಿದೆ. ನಿಮಗೂ ಹೀಗಾಗಿತ್ತಾ?

ನಡುಹಗಲು:
ಮೊದಲೇ ಹೇಳಿಬಿಡ್ತೀನಿ, ನನಗೆ ಅಂಥಾ ಕಷ್ಟವೇನೂ ಇಲ್ಲ. ಕೆಲಸ ಇದೆ, ಆರೋಗ್ಯ ತಕ್ಕಮಟ್ಟಿಗಿದೆ, ಮಗಳು ಅವಳ ಪಾಡಿಗೆ ಅವಳು ಚೆನ್ನಾಗಿದ್ದಾಳೆ. ಅದಕ್ಕೇ ಇದನ್ನ ಬೇರೆಯವರ ಹತ್ರ ಬಾಯಿಬಿಟ್ಟು ಹೇಳೋಕೂ ಮುಜುಗರ.

ಹೋದ ವಾರ ಯಾವುದೋ ಅರ್ಜಿ ತುಂಬ್ತಾ ಇದ್ದೆ. ಹುಟ್ಟಿದ ವರ್ಷ ಆರಿಸಬೇಕಿತ್ತು. ಹೆಬ್ಬೆರಳಲ್ಲಿ ಪಟ್ಟಿ ತಳ್ಳಿದೆ, ಇನ್ನೊಂದ್ಸಲ ತಳ್ಳಿದೆ, 2000 ಹೋಯ್ತು, 1990 ಹೋಯ್ತು, 1980 ಹೋಯ್ತು, ನನ್ನ ವರ್ಷ ಬರಲೇ ಇಲ್ಲ. ಅದಾದ ಮೇಲೆ ವಯಸ್ಸಿನ ಗುಂಪು. ಇಷ್ಟು ವರ್ಷ 45–54 ಅನ್ನೋ ಚೌಕಕ್ಕೆ ಗುರುತು ಹಾಕ್ತಿದ್ದೆ. ಈ ಸಲ ನನ್ನದು ಕೊನೇದು, ‘55 ಮತ್ತು ಮೇಲ್ಪಟ್ಟು’. ಅದರ ಕೆಳಗೆ ಇನ್ನೊಂದು ಚೌಕ ಇರಲಿಲ್ಲ. ಫೋನ್ ಪಕ್ಕಕ್ಕಿಟ್ಟು ಸುಮ್ನೆ ಕೂತುಬಿಟ್ಟೆ.

ಸುಕ್ಕು, ಬಿಳಿಕೂದಲಿಗೆಲ್ಲ ಹೊಂದಿಕೊಂಡಾಗಿದೆ. ಕಾಡ್ತಿರೋದು ಬೇರೆ. ‘ಮುಂದೆ ಯಾವಾಗಾದ್ರೂ ಮಾಡೋಣ’ ಅಂತ ಎತ್ತಿಟ್ಟಿದ್ದು ಬೇಕಾದಷ್ಟಿದೆ. ಆ ‘ಮುಂದೆ’ ಯಾವಾಗ ಮುಗಿದುಹೋಯ್ತು ಅಂತ ಗೊತ್ತೇ ಆಗ್ಲಿಲ್ಲ. ಆಫೀಸಲ್ಲಿ ಹೊಸಬರು ಮುಂದಿನ ಹತ್ತು ವರ್ಷದ ಬಗ್ಗೆ ಜೋರಾಗಿ ಮಾತಾಡ್ತಿದ್ರೆ ಖುಷಿಪಡೋ ಬದಲು ಹೊಟ್ಟೆ ಹಿಂಡುತ್ತೆ. ಹೊಟ್ಟೆಕಿಚ್ಚು ಅಂತಲೇ ಇಟ್ಕೊಳ್ಳಿ.

40 ದಾಟಿದೋರು, 60 ದಾಟಿದೋರು, ನೀವು ಇದನ್ನ ಹೇಗೆ ನಿಭಾಯಿಸಿದ್ರಿ? ‘ವಯಸ್ಸು ಬರೀ ಒಂದು ಸಂಖ್ಯೆ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಹಾದಿಹೋಕ:
ವಯಸ್ಸು ಬರೀ ಒಂದು ಸಂಖ್ಯೆ ಮೇಡಂ. (ಹೇಗೂ ಯಾರಾದ್ರೂ ಹೇಳ್ತಾರೆ, ನಾನೇ ಹೇಳಿ ಮುಗಿಸಿದೆ.)

ಗುಬ್ಬಿಗೂಡು:
ನನಗೆ 47. ನನ್ನ ಶತ್ರು ಅಂದ್ರೆ ಫೋನಿನ ಮುಂದಿನ ಕ್ಯಾಮೆರಾ. ಏನೋ ಫೋಟೋ ತೆಗೆಯೋಣ ಅಂತ ಬಗ್ಗಿ ಒತ್ತಿದ್ರೆ ತಪ್ಪಿ ಅದು ತೆರೆದುಕೊಳ್ಳುತ್ತೆ. ಕೆಳಗಿನಿಂದ ನೋಡಿದಾಗ ಗದ್ದದ ಕೆಳಗಿನ ಚರ್ಮ, ಜೋತಾಡೋ ಕೆನ್ನೆ... ಒಂದು ಕ್ಷಣ ನಮ್ಮಮ್ಮ ಫೋನೊಳಗಿಂದ ನನ್ನ ನೋಡ್ತಿದ್ದಾರೆ ಅನಿಸಿತು. ಅಮ್ಮ ತೀರಿಕೊಂಡು ಬಹಳ ಕಾಲ ಆಯ್ತು. ಅವತ್ತು ಅಳು ಬಂದಿದ್ದು ನನ್ನ ಮುಖಕ್ಕೋ ಅಮ್ಮನ ನೆನಪಿಗೋ ಇವತ್ತಿಗೂ ಗೊತ್ತಿಲ್ಲ.

ಕಟುಸತ್ಯ:
ಕೇಳೋಕೆ ಕಹಿ ಅನ್ನಿಸಬಹುದು. ಇದು ಎಲ್ಲಾ ಇದ್ದವರ ಗೋಳು. ದುಡಿದು ತಿನ್ನೋರಿಗೆ ‘ನನ್ನ ವಯಸ್ಸು ಹೋಯ್ತಲ್ಲಾ’ ಅಂತ ಕೂತು ಕೊರಗೋಕೆ ಪುರುಸೊತ್ತೆಲ್ಲಿ? ಬೆನ್ನು ಬಿದ್ದುಹೋಗೋ ಹಾಗೆ ಕೆಲಸ ಮಾಡಿ, ರಾತ್ರಿ ನಿದ್ದೆ ಬರುತ್ತೆ.

ಸೂಜಿದಾರ:
@ಕಟುಸತ್ಯ ನಾನು ದುಡಿದೇ ತಿನ್ನೋಳು, ಹೊಲಿಗೆ ಕೆಲಸ. ಪುರುಸೊತ್ತಿಲ್ಲದೇನೂ ಕೊರಗಬಹುದು, ಮಷೀನ್ ತುಳೀತಾನೇ ಕೊರಗಬಹುದು. ಸೂಜಿಗೆ ದಾರ ಪೋಣಿಸೋಕೆ ಆಗದೆ ಇದ್ದ ದಿನ ನನಗೆ ಬಂದ ಸಿಟ್ಟು ನಿಮಗೇನು ಗೊತ್ತು? ಕಣ್ಣನ್ನ ಹತ್ತಿರ ತಂದೆ, ದೂರ ಒಯ್ದೆ, ದಾರದ ತುದಿ ಬಾಯಲ್ಲಿ ನೆನೆಸಿದೆ, ಕತ್ತರಿಸಿದೆ, ಮತ್ತೆ ನೆನೆಸಿದೆ. ಕಡೆಗೆ ಪಕ್ಕದ ಹುಡುಗಿ ಬಂದು ಒಂದೇ ಏಟಿಗೆ ಪೋಣಿಸಿ ಕೊಟ್ಟಳು. ಥ್ಯಾಂಕ್ಸ್ ಹೇಳೋಕೂ ಬಾಯಿ ಬರಲಿಲ್ಲ.

ಕಟುಸತ್ಯ:
ಅದಕ್ಕೆ ಕನ್ನಡಕ ಅಂತ ಒಂದು ವಸ್ತು ಇದೆ.

ಸೂಜಿದಾರ:
ಹಾಕ್ಕೊಂಡಿದ್ದೀನಿ ಸ್ವಾಮಿ. ಅದನ್ನ ಹಾಕ್ಕೊಂಡೇ ನಿಮ್ಮ ಉತ್ತರ ಓದ್ತಿರೋದು.

ಅಂಕಿಅಂಶ:
ಚರ್ಚೆಗೆ ಒಂದಿಷ್ಟು ಸಾಮಗ್ರಿ. ‘ಮಿಡ್‌ಲೈಫ್ ಕ್ರೈಸಿಸ್’ (ನಡುವಯಸ್ಸಿನ ಬಿಕ್ಕಟ್ಟು) ಅನ್ನೋ ಮಾತನ್ನ ಚಾಲ್ತಿಗೆ ತಂದಿದ್ದು ಎಲಿಯಟ್ ಜಾಕ್ಸ್ ಅನ್ನೋ ಮನೋವಿಶ್ಲೇಷಕ, 1965ರ ಒಂದು ಲೇಖನದಲ್ಲಿ. ಅವರ ವಾದದ ತಿರುಳು ನಡುಹಗಲು ಹೇಳಿದ್ದಕ್ಕೆ ಹತ್ತಿರದ್ದೇ: ನಡುವಯಸ್ಸಲ್ಲಿ ಸಾವು ಅನ್ನೋದು ಮೊದಲ ಸಲ ನಮ್ಮ ಸ್ವಂತ ವಿಷಯ ಆಗುತ್ತೆ. ಆಮೇಲೆ 2008ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಅನ್ನೋ ಅರ್ಥಶಾಸ್ತ್ರಜ್ಞರು ಹತ್ತಾರು ದೇಶಗಳ ಸಮೀಕ್ಷೆ ಸೇರಿಸಿ ನೋಡಿ, ಜೀವನದ ತೃಪ್ತಿ ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿ ಇಳಿದು ಏರುತ್ತೆ ಅಂದ್ರು. ತಳ ಸಿಗೋದು ಸುಮಾರು 40ರಿಂದ 50ರ ನಡುವೆ. ಆ ಲೆಕ್ಕದಲ್ಲಿ ನಡುಹಗಲು ಈಗ ಮೇಲೆ ಹತ್ತೋ ದಾರಿಯಲ್ಲಿದ್ದಾರೆ.

ಎಲ್ಲರೂ ಇದನ್ನ ಒಪ್ಪಲ್ಲ. ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಜನರನ್ನ ಒಂದೇ ಸಲ ಕೇಳಿದ್ರೆ ಒಂದು ಚಿತ್ರ, ಅದೇ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿದ್ರೆ ಇನ್ನೊಂದು ಚಿತ್ರ ಬರಬಹುದು ಅನ್ನೋ ತಕರಾರು ಇದೆ. ಇನ್ನೊಂದು ತಮಾಷೆ: 2012ರಲ್ಲಿ 508 ಚಿಂಪಾಂಜಿ, ಒರಾಂಗುಟನ್‌ಗಳ ಬಗ್ಗೆ ಇಂಥದ್ದೇ ಅಧ್ಯಯನ ಬಂತು. ಅವುಗಳಲ್ಲೂ ನಡುವಯಸ್ಸಲ್ಲಿ ಅದೇ ತಗ್ಗು.

ಮೂಲೆಮನೆ_ಮಾಸ್ತರ:
ಅಲ್ರೀ, ಮಂಗ್ಯಾಗೂ ನಡುವಯಸ್ಸಿನ ಸಂಕಟ ಏನ್ರೀ? ಅದೇನ್ ಕೂದಲಿಗೆ ಬಣ್ಣಾ ಹಚ್ಕೊಂಡು ಹೊಸಾ ಬೈಕ್ ತಗೋತೈತಿ?

ಹಾದಿಹೋಕ:
ಚಿಂಪಾಂಜಿಗೆ ಯಾರು ಕೇಳಿದ್ರು ‘ನಿಮ್ಮ ಜೀವನ ತೃಪ್ತಿಕರವಾಗಿದೆಯೇ’ ಅಂತ?

ಅಂಕಿಅಂಶ:
ಅವನ್ನ ದಿನಾ ನೋಡಿಕೊಳ್ಳೋರು ಅಂಕ ಕೊಟ್ಟಿದ್ದು. ಆ ಪಾಲಕರದ್ದೇ ವಯಸ್ಸು 45 ಆಗಿದ್ರೆ ಏನ್ಮಾಡೋದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಬಿಳಿಗಡ್ಡ:
63. ನನಗಂತೂ ಪರಿಹಾರ ಸಿಕ್ಕಿದ್ದು ಕೂದಲಿಗೆ ಬಣ್ಣ ಹಚ್ಚೋದು ನಿಲ್ಲಿಸಿದ ದಿನ. ಅಲ್ಲಿವರೆಗೂ ಬುಡದಲ್ಲಿ ಬಿಳಿ ಗೆರೆ ಕಾಣ್ತಿದೆಯಾ ಅಂತ ಕನ್ನಡಿ ಮುಂದೆ ಪರೀಕ್ಷೆ. ಯಾರಾದ್ರೂ ‘ನಿಮ್ಮನ್ನ ನೋಡಿದ್ರೆ ಅಷ್ಟು ವಯಸ್ಸು ಅನ್ಸಲ್ಲ’ ಅಂದ್ರೆ ಇಡೀ ದಿನ ಹುರುಪು, ಯಾರೂ ಅನ್ನದಿದ್ರೆ ಇಡೀ ದಿನ ಮಂಕು. ನಾನು ಯಾರ ಬಾಯಿ ಕಾಯ್ತಿದ್ದೆ? ಬಿಟ್ಟುಬಿಟ್ಟೆ. ಮೊದಲ ಒಂದೆರಡು ತಿಂಗಳು ಎಲ್ಲರೂ ‘ಹುಷಾರಿಲ್ವಾ?’ ಅಂತ ಕೇಳಿದ್ರು, ಆಮೇಲೆ ಸುಮ್ಮನಾದ್ರು. ಎಲ್ಲರೂ ಬಿಡಿ, ಹಗುರಾಗ್ತೀರಿ.

ಕಡಲಕರೆ:
‘ಎಲ್ಲರೂ ಬಿಡಿ’ ಅನ್ನೋದು ಅಷ್ಟು ಸುಲಭ ಅಲ್ಲ ಮಾರಾಯ್ರೆ. ನಿಮಗೆ 63, ಬಹುಶಃ ಕೆಲಸದಿಂದ ಬಿಡುಗಡೆ ಆಗಿದೆ. ನನಗೆ 52, ಕೆಲಸ ಹುಡುಕ್ತಾ ಇದ್ದೇನೆ. ಒಂದು ಕಡೆ ಸಂದರ್ಶನದಲ್ಲಿ ಕೂತಿದ್ದ ಹುಡುಗ ‘ನಮ್ಮ ತಂಡ ತುಂಬಾ ಎನರ್ಜೆಟಿಕ್ ಉಂಟು, ನಿಮಗೆ ಹೊಂದಾಣಿಕೆ ಆಗ್ತದಾ?’ ಅಂತ ಕೇಳಿದ. ನಾನು ಬಣ್ಣ ಹಚ್ಚುವುದು ಹೊಟ್ಟೆಪಾಡಿಗೆ. ವಯಸ್ಸಿನ ದುಃಖದಲ್ಲಿ ಅರ್ಧ ಒಳಗಿಂದ ಬರುವುದಲ್ಲ, ಹೊರಗಿನವರು ತಂದು ಸುರಿಯುವುದು. ಅದಕ್ಕೆ ಧ್ಯಾನ ಮಾಡಿ ಅಂದ್ರೆ ನನಗೆ ಸಿಟ್ಟು ಬರ್ತದೆ.

ಅಂಕಿಅಂಶ:
+1. ವಯಸ್ಸಿನ ಕಾರಣಕ್ಕೆ ಜನರನ್ನ ಕೀಳಾಗಿ ಕಾಣೋದಕ್ಕೆ ‘ಏಜಿಸಂ’ ಅಂತ ಹೆಸರಿಟ್ಟಿದ್ದು ರಾಬರ್ಟ್ ಬಟ್ಲರ್ ಅನ್ನೋ ವೈದ್ಯ, 1969ರಲ್ಲಿ. ಅವರು ಅದನ್ನ ಜನಾಂಗಭೇದ, ಲಿಂಗಭೇದದ ಸಾಲಲ್ಲೇ ಇಟ್ಟು ಮಾತಾಡಿದ್ರು.

ಬಿಳಿಗಡ್ಡ:
@ಕಡಲಕರೆ ಕೆಲಸದ ವಿಷಯ ಬೇರೆ, ಒಪ್ಪಿದೆ. ಹಚ್ಚಿ. ಆದ್ರೆ ಮನೆಗೆ ಬಂದ ಮೇಲೂ ಆ ಹುಡುಗನ ಕಣ್ಣಿಂದಲೇ ನಿಮ್ಮನ್ನ ನೋಡ್ಕೊಳ್ಳಬೇಡಿ.

ಕಡಲಕರೆ:
ಇದನ್ನ ಮೊದಲೇ ಹೀಗೆ ಹೇಳಿದ್ರೆ ನಾನು ಜಗಳಕ್ಕೇ ಬರ್ತಿರಲಿಲ್ಲ.

ಸೂಜಿದಾರ:
ಇಲ್ಲಿರೋ ಹೆಂಗಸರಿಗೆ ಒಂದು ಮಾತು. 48ರ ಸುಮಾರಿಗೆ ನನಗೆ ರಾತ್ರಿ ಮೂರಕ್ಕೆ ಎಚ್ಚರ ಆಗೋದು, ಎದೆ ಡವಡವ, ಮೈಯೆಲ್ಲ ಬೆವರು. ಬೆಳಗಾದ್ರೆ ಯಾರನ್ನ ಕಂಡ್ರೂ ಕಿರಿಕಿರಿ. ವಯಸ್ಸಾಯ್ತು, ಬಾಳು ಮುಗೀತು ಅನ್ನೋ ಯೋಚನೆ ಬರ್ತಿದ್ದದ್ದೂ ಆ ಹೊತ್ತಲ್ಲೇ. ಡಾಕ್ಟರ ಹತ್ರ ಹೋದ್ಮೇಲೆ ಗೊತ್ತಾಯ್ತು, ಮುಟ್ಟು ನಿಲ್ಲೋಕೆ ಕೆಲವು ವರ್ಷ ಮುಂಚಿನಿಂದಲೇ ಹಾರ್ಮೋನು ಏರುಪೇರಾಗುತ್ತೆ, ಮನಸ್ಸಿನ ಮೇಲೂ ಅದರ ಏಟು ಬೀಳುತ್ತೆ ಅಂತ. ನಮಗೆ ಇದನ್ನ ಯಾರೂ ಹೇಳಿರಲೇ ಇಲ್ಲ. ಮುಟ್ಟು ನಿಲ್ಲೋದು ಅಂದ್ರೆ ಒಂದು ದಿನ ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತೆ ಅಂದ್ಕೊಂಡಿದ್ದೆ.

ದವಾಖಾನೆ:
ಸೂಜಿದಾರ ಅವರು ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಿ. 12 ತಿಂಗಳು ಸತತವಾಗಿ ಮುಟ್ಟಾಗದಿದ್ರೆ ಮಾತ್ರ ಋತುಬಂಧ ಆಯ್ತು ಅಂತ ಲೆಕ್ಕ. ಅದಕ್ಕೂ ಮುಂಚಿನ ಏರುಪೇರಿನ ಕಾಲ ಹಲವು ವರ್ಷ ನಡೀಬಹುದು, ಖಿನ್ನತೆ ಕಾಣಿಸಿಕೊಳ್ಳೋ ಸಾಧ್ಯತೆ ಆಗ ಹೆಚ್ಚು. ಚಿಕಿತ್ಸೆ ಇದೆ, ಸಹಿಸಿಕೊಂಡು ಕೂರಬೇಕಿಲ್ಲ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋನು. ದಿನಾ ಕೇಳೋ ಮಾತು: ‘ವಯಸ್ಸಾಯ್ತಲ್ಲ ಡಾಕ್ಟ್ರೇ, ಬೇಜಾರು ಇದ್ದದ್ದೇ.’ ಇದೇ ಮಾತಿನ ಹಿಂದೆ ಎಷ್ಟೋ ಕಾಯಿಲೆ ಅಡಗಿ ಕೂರುತ್ತೆ. ಥೈರಾಯ್ಡ್ ಕಮ್ಮಿ ಆಗಿರಬಹುದು, ಬಿ12 ಕೊರತೆ ಇರಬಹುದು, ರಕ್ತಹೀನತೆ ಇರಬಹುದು, ಗೊರಕೆ ಹೊಡೆಯುವಾಗ ಮಧ್ಯೆ ಮಧ್ಯೆ ಉಸಿರು ನಿಂತು ನಿದ್ದೆ ಕೆಡ್ತಿರಬಹುದು. ಕಿವಿ ಮಂದ ಆದೋರು ನಾಲ್ಕು ಜನರ ನಡುವೆ ಮಾತು ಕೇಳಿಸದೆ ಮೆಲ್ಲಗೆ ಹಿಂದೆ ಸರೀತಾರೆ, ಮನೆಯವರು ‘ಅಪ್ಪ ಈಗೀಗ ಯಾರ ಜೊತೆಗೂ ಸೇರಲ್ಲ’ ಅಂತಾರೆ. ಮೊದಲು ಇವನ್ನೆಲ್ಲ ತಪಾಸಣೆ ಮಾಡಿಸಿ.

ಎರಡು ವಾರ ದಾಟಿಯೂ ಹೆಚ್ಚುಕಮ್ಮಿ ದಿನವಿಡೀ ಮನಸ್ಸು ಬಿದ್ದೇ ಇದೆ, ಇಷ್ಟವಾಗಿದ್ದ ಕೆಲಸವೂ ಬೇಡ ಅನ್ಸುತ್ತೆ, ಊಟ ನಿದ್ದೆ ಏರುಪೇರಾಗಿದೆ ಅಂದ್ರೆ ಅದನ್ನ ವಯಸ್ಸಿನ ಖಾತೆಗೆ ಹಾಕಬೇಡಿ. ಖಿನ್ನತೆ ಮುಪ್ಪಿನ ಸಹಜ ಭಾಗ ಅಲ್ಲ. ಬದುಕು ಸಾಕು ಅನ್ನೋ ಯೋಚನೆ ಬಂದ್ರಂತೂ ಎರಡು ವಾರ ಕಾಯೋದೂ ಬೇಡ, ಅವತ್ತೇ ಯಾರಿಗಾದ್ರೂ ಹೇಳಿ, ವೈದ್ಯರ ಹತ್ರ ಹೋಗಿ. ಗಂಡಸರು ವಿಶೇಷವಾಗಿ. ಹೇಳದೇ ಉಳಿಯೋರು ಅವರೇ ಜಾಸ್ತಿ.

ನಡುಹಗಲು:
ಥ್ಯಾಂಕ್ಸ್. ನನಗೆ ಋತುಬಂಧ ಆಗಿ ಕೆಲವು ವರ್ಷ ಆಯ್ತು. ಥೈರಾಯ್ಡ್ ನೋಡಿಸಿದ್ದೀನಿ, ಬಿ12 ನೋಡಿಸಿಲ್ಲ, ನೋಡಿಸ್ತೀನಿ. ಊಟ ನಿದ್ದೆ ಸರಿ ಇದೆ, ಕೆಲಸದಲ್ಲಿ ಆಸಕ್ತಿನೂ ಇದೆ. ಒಳಗೊಂದು ಸಣ್ಣ ಅಳು ನಿಲ್ತಾ ಇಲ್ಲ, ಅಷ್ಟೇ.

ಒಂಟಿಸಲಗ:
58, ಮದುವೆ ಆಗಿಲ್ಲ. ಅಮ್ಮನನ್ನ ನೋಡಿಕೊಂಡಿದ್ದೆ, ಈಗ ಅವಳೂ ಇಲ್ಲ. ನಡುಹಗಲು ಅವರೇ, ನೀವು ಹೇಳಿದಂಥ ಅರ್ಜಿಯಲ್ಲಿ ಇನ್ನೊಂದು ಜಾಗ ಇರುತ್ತೆ ನೋಡಿ, ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು’ ಅಂತ. ಅಲ್ಲಿ ಮೊದಲು ಅಮ್ಮನ ಹೆಸರು ಬರೀತಿದ್ದೆ. ಅವಳಿಗೆ 80 ದಾಟಿತ್ತು, ಹಾಸಿಗೆಯಿಂದ ಏಳೋಕೆ ಆಗ್ತಿರಲಿಲ್ಲ, ತುರ್ತು ಅಂತ ಫೋನ್ ಬಂದ್ರೆ ಏನು ಮಾಡ್ತಿದ್ದಳೋ ದೇವರೇ ಬಲ್ಲ. ಆದ್ರೂ ಬರೀತಿದ್ದೆ. ಈಗ ಕೆಲವು ಕಡೆ ಆ ಜಾಗ ಖಾಲಿ ಬಿಟ್ರೆ ಅರ್ಜಿ ಮುಂದಕ್ಕೇ ಹೋಗಲ್ಲ.

ಎಲ್ಲರೂ ಮಕ್ಕಳು, ಮೊಮ್ಮಕ್ಕಳು ಅಂತ ಬರೀತೀರಿ. ಅದಿಲ್ಲದೋರಿಗೆ ಮುಪ್ಪು ಅಂದ್ರೆ ಶುದ್ಧ ಹೆದರಿಕೆ. ಮಂಡಿಚಿಪ್ಪಿನ ನೋವಿಗಿಂತ, ಬಿದ್ರೆ ಎಷ್ಟು ಹೊತ್ತಾದ ಮೇಲೆ ಗೊತ್ತಾಗುತ್ತೆ ಅನ್ನೋ ಲೆಕ್ಕ.

ಎಪ್ಪತ್ತಾರು:
ನನ್ನ ಹೆಸರೇ ನನ್ನ ವಯಸ್ಸು. ಬರುವ ವರ್ಷ ಹೆಸರು ಬದಲಾಯಿಸಬೇಕು.

@ಒಂಟಿಸಲಗ, ಮಕ್ಕಳಿದ್ದವರಿಗೂ ಆ ಲೆಕ್ಕ ಇದ್ದೇ ಇದೆಯಪ್ಪ. ನನ್ನ ಇಬ್ಬರೂ ದೂರದಲ್ಲಿದ್ದಾರೆ. ನಾವು ಮೂವರು ಗೆಳತಿಯರು ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಮೆಸೇಜು. ಏನು ಬರೆದರೂ ನಡೆಯುತ್ತೆ, ಒಬ್ಬಳು ಬರೀ ಚುಕ್ಕಿ ಕಳಿಸ್ತಾಳೆ. ಎಂಟು ಗಂಟೆಯೊಳಗೆ ಬರದಿದ್ದರೆ ಫೋನು. ಎತ್ತದಿದ್ದರೆ ಹತ್ತಿರ ಇರೋಳು ಹೋಗಿ ಬಾಗಿಲು ತೆಗೀತಾಳೆ. ಪರಸ್ಪರರ ಬೀಗದ ಕೈ ನಮ್ಮ ಹತ್ತಿರ ಇದೆ, ಯಾರು ಯಾವ ಮಾತ್ರೆ ತಗೋತಾರೆ ಅನ್ನೋ ಚೀಟಿಯೂ ಇದೆ. ನೀವೂ ನಿಮ್ಮ ಹಾಗೆ ಇರೋ ಇಬ್ಬರನ್ನ ಹುಡುಕಿ. 58ರಲ್ಲಿ ಹುಡುಕೋದು 76ರಲ್ಲಿ ಹುಡುಕೋದಕ್ಕಿಂತ ಸುಲಭ.

@ನಡುಹಗಲು, ನನಗೆ 55ರಲ್ಲಿ ಇದೇ ಅಳು ಇತ್ತು. ಈಗ ಆ 55 ಸಿಕ್ಕರೆ ಕುಣಿದಾಡುತ್ತೇನೆ. ಆದರೆ ದೊಡ್ಡವರಾದ ಮೇಲೆ ಎಲ್ಲಾ ತಿಳಿಯಾಗುತ್ತೆ ಅಂತ ಸುಳ್ಳು ಹೇಳಲಾರೆ. ನನ್ನ ಫೋನಿನಲ್ಲಿ ಬದುಕಿರೋರಿಗಿಂತ ಹೋದವರ ನಂಬರೇ ಹೆಚ್ಚು. ಅಳಿಸೋಕೆ ಕೈ ಬರುವುದಿಲ್ಲ. ಮೊನ್ನೆ ಯಾರಿಗೋ ಮಾಡಲು ಹೋಗಿ ತೀರಿಹೋದ ಗೆಳತಿಯ ಹೆಸರು ಒತ್ತಿದೆ. ಅತ್ತ ಕಡೆ ಯಾರೋ ಹುಡುಗ ಎತ್ತಿದ. ನಂಬರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ ಕಂಪನಿಯವರು. ‘ರಾಂಗ್ ನಂಬರ್ ಅಜ್ಜಿ’ ಅಂದ, ಪಾಪ, ಬಹಳ ಮರ್ಯಾದೆಯಿಂದ.

ಬದಲಾದದ್ದು ಇಷ್ಟು: ಬೇಡದ ಜನರ ಜೊತೆ ಈಗ ಹೊತ್ತು ಕಳೆಯುವುದಿಲ್ಲ. ಯಾರು ಏನಂದುಕೊಳ್ಳುತ್ತಾರೋ ಅನ್ನುವುದು ಎಲ್ಲಿ ಉದುರಿಹೋಯಿತೋ ನೆನಪಿಲ್ಲ.

ಅಂಕಿಅಂಶ:
ಬೇಡದ ಜನರ ಜೊತೆ ಹೊತ್ತು ಕಳೆಯಲ್ಲ ಅಂತ ಅಜ್ಜಿ ಹೇಳಿದ್ರಲ್ಲ, ಅದರ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್ಸನ್ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಮುಂದಿರೋ ಕಾಲ ಕಮ್ಮಿ ಅನಿಸಿದಾಗ ಜನ ಹೊಸ ಪರಿಚಯಗಳ ಹಿಂದೆ ಓಡೋದು ಬಿಟ್ಟು, ಮನಸ್ಸಿಗೆ ಹತ್ತಿರದವರನ್ನ ಉಳಿಸಿಕೊಳ್ತಾರೆ ಅಂತ. ಕಾಯಿಲೆ ಬಿದ್ದ ಚಿಕ್ಕವಯಸ್ಸಿನೋರಲ್ಲೂ ಇದು ಕಂಡಿದೆ, ಅಂದ್ರೆ ಕೆಲಸ ಮಾಡೋದು ವಯಸ್ಸಿಗಿಂತ ಹೆಚ್ಚಾಗಿ ಉಳಿದ ಕಾಲದ ಅಂದಾಜು.

ಎಪ್ಪತ್ತಾರು:
ಅದಕ್ಕೆ ಸಂಶೋಧನೆ ಬೇಕಿತ್ತೇನಪ್ಪ?

ಮೂವತ್ತರ_ಮಳೆ:
ನಾನಿನ್ನೂ 31, ಬೈಬೇಡಿ. ನಮ್ಮಮ್ಮನಿಗೆ 58. ಏನು ಹೇಳಿದ್ರೂ ‘ಇನ್ನೇನಿದೆ ಬಿಡು ನನ್ನದು, ಆಯ್ತು ನನ್ನ ಕಾಲ’ ಅಂತಾಳೆ. ‘ಹಾಗೆಲ್ಲ ಅನ್ಬೇಡಮ್ಮಾ, ನೀನಿನ್ನೂ ಯಂಗ್ ಆಗಿದ್ದೀಯ’ ಅಂದ್ರೆ ಇನ್ನೂ ಸಿಟ್ಟಾಗ್ತಾಳೆ. ಏನು ಹೇಳಬೇಕು?

ಗುಬ್ಬಿಗೂಡು:
‘ಯಂಗ್ ಆಗಿದ್ದೀಯ’ ಅನ್ನೋದು ಬಿಡಿ. ಅದರರ್ಥ ಅವರಿಗೆ ಕೇಳಿಸೋದು ‘ನಿನ್ನ ದುಃಖ ಕೇಳೋಕೆ ನನಗೆ ಟೈಮಿಲ್ಲ’ ಅಂತ. ‘ಯಾವ ಕಾಲ ಆಯ್ತಮ್ಮ, ಹೇಳು’ ಅಂತ ಕೇಳಿ ನೋಡಿ.

ಕಟುಸತ್ಯ:
ಅಥವಾ ಏನಾದ್ರೂ ಕೆಲಸ ಕೊಡಿ. ನಿಮಗೆ ನಿಜವಾಗ್ಲೂ ಬರದೇ ಇರೋ ಕೆಲಸ, ಅವರಿಗೆ ಬರೋ ಕೆಲಸ. ಸುಳ್ಳು ಸುಳ್ಳೇ ಸಹಾಯ ಕೇಳಿದ್ರೆ ಗೊತ್ತಾಗುತ್ತೆ ಅವರಿಗೆ.

ಸೂಜಿದಾರ:
58ಕ್ಕೆ ಈ ಮಾತು ಪದೇ ಪದೇ ಬರ್ತಿದ್ರೆ ದವಾಖಾನೆಯವರು ಮೇಲೆ ಬರೆದದ್ದನ್ನೂ ನೆನಪಿಡಿ. ಒಂದ್ಸಲ ತೋರಿಸಿಕೊಂಡು ಬನ್ನಿ.

ಮೂವತ್ತರ_ಮಳೆ:
ಕೇಳಿದೆ, ಈಗಷ್ಟೇ. ‘ಯಾವ ಕಾಲ ಆಯ್ತಮ್ಮ’ ಅಂದೆ. ಒಂದು ಗಂಟೆ ಮಾತಾಡಿದಳು. ಕಾಲೇಜಲ್ಲಿ ನಾಟಕ ಮಾಡ್ತಿದ್ದಳಂತೆ!! ನನಗೆ ಗೊತ್ತೇ ಇರಲಿಲ್ಲ. ವೈದ್ಯರ ವಿಷಯ ನಾಳೆ ಎತ್ತುತೀನಿ.

ಮೂಲೆಮನೆ_ಮಾಸ್ತರ:
ಎಲ್ಲಾರೂ ದುಃಖದ ಮಾತೇ ಆಡಾಕತ್ತೀರಿ, ನನ್ನ ತ್ರಾಸ್ ಬ್ಯಾರೆ ಐತ್ರಿ. ಮರೆವು! ಮೂವತ್ತು ವರ್ಷ ಹಾಜರಿ ಕರದಾಂವ ನಾ, ಇಡೀ ಕ್ಲಾಸಿನ ಹುಡುಗರ ಹೆಸರು ಬಾಯಿಪಾಠ. ಈಗ ಎದುರಿಗೆ ನಿಂತ ಶಿಷ್ಯಾನ ಹೆಸರು ನಾಲಿಗಿ ತುದಿಗೆ ಬಂದು ನಿಂತಿರ್ತೈತಿ, ಹೊರಗ ಬರಂಗಿಲ್ಲ. ಅಂವಾ ‘ನೆನಪೈತೇನ್ರಿ ಸರ್ ನಂದು?’ ಅಂತಾನ. ‘ಮರೀತೀನೇನೋ ನಿನ್ನ!’ ಅಂತ ಬೆನ್ನು ತಟ್ಟಿ ಕಳಸ್ತೀನಿ. ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಅದು ಶುರು ಆತೇನಂತ ಒಳಗೊಳಗ ಪುಕುಪುಕು.

ದವಾಖಾನೆ:
ಮಾಸ್ತರ್, ಹೆಸರು ತಕ್ಷಣ ಹೊಳೆಯದೆ ಆಮೇಲೆ ಹೊಳೆದ್ರೆ ಸಾಮಾನ್ಯವಾಗಿ ಚಿಂತೆ ಬೇಡ, ವಯಸ್ಸಾದ ಹಾಗೆ ವ್ಯಕ್ತಿಗಳ ಹೆಸರೇ ಮೊದಲು ಕೈಕೊಡೋದು. ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಒಂದು, ಕನ್ನಡಕ ಏತಕ್ಕೆ ಅಂತ ಮರೆಯೋದು ಇನ್ನೊಂದು. ಗೊತ್ತಿರೋ ದಾರಿ ತಪ್ಪೋದು, ದಿನಾ ಮಾಡೋ ಲೆಕ್ಕ ತಪ್ಪೋದು, ಕೇಳಿದ್ದನ್ನೇ ಅರ್ಧ ಗಂಟೆಯಲ್ಲಿ ಮತ್ತೆ ಮತ್ತೆ ಕೇಳೋದು ಶುರುವಾದ್ರೆ ತೋರಿಸಿ.

ಅಂಕಿಅಂಶ:
ಜೊತೆಗೆ, ಬುದ್ಧಿಯ ಎಲ್ಲಾ ಭಾಗವೂ ಒಟ್ಟಿಗೆ ಇಳಿಯಲ್ಲ. ಕಂಡದ್ದನ್ನ ಥಟ್ಟನೆ ಗ್ರಹಿಸಿ ಉತ್ತರ ಕೊಡೋ ವೇಗ 20ರ ಹರೆಯದಲ್ಲೇ ಇಳಿಯೋಕೆ ಶುರು. ಪದಸಂಪತ್ತು 60 ದಾಟಿದ ಮೇಲೂ ಬೆಳೆಯುತ್ತೆ ಅಂತ 2015ರ ಒಂದು ದೊಡ್ಡ ಅಧ್ಯಯನ ತೋರಿಸಿದೆ.

ಮೂಲೆಮನೆ_ಮಾಸ್ತರ:
ಹಂಗಾರ ನನ್ನ ಬೈಗುಳದ ಶಬ್ದಕೋಶ ಇನ್ನೂ ಬೆಳೀತೈತಿ ಅಂದಂಗಾತು. ಶಭಾಷ್.

ಅಂಕಿಅಂಶ:
ಇನ್ನೊಂದು ಹೇಳಿ ಸುಮ್ಮನಾಗ್ತೀನಿ. 2002ರಲ್ಲಿ ಬೆಕಾ ಲೆವಿ ಅನ್ನೋ ಸಂಶೋಧಕಿ ಮತ್ತು ಸಂಗಡಿಗರು 50 ದಾಟಿದ 660 ಜನರ ಮಾಹಿತಿ ನೋಡಿದ್ರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆ ಭಾವನೆ ಇಟ್ಟುಕೊಂಡೋರು ಉಳಿದೋರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು.

ಕಟುಸತ್ಯ:
ಗಟ್ಟಿ ಇದ್ದೋರು ನಗ್ತಾರೆ, ಗಟ್ಟಿ ಇದ್ದೋರೇ ಜಾಸ್ತಿ ಬದುಕ್ತಾರೆ. ನಗೋದ್ರಿಂದ ಬದುಕಿದ್ರು ಅಂತ ಹೇಗೆ ಹೇಳ್ತೀರಿ?

ಅಂಕಿಅಂಶ:
ಆರೋಗ್ಯ, ಹಣಕಾಸು, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ವ್ಯತ್ಯಾಸ ಉಳಿದಿತ್ತು. ಆದ್ರೂ ಇದು ವೀಕ್ಷಣೆಯ ಅಧ್ಯಯನ (ಜನರನ್ನ ಬರೀ ಗಮನಿಸಿದ್ದು, ಪ್ರಯೋಗ ಅಲ್ಲ), ಇದೇ ಕಾರಣ ಅಂತ ಖಡಾಖಂಡಿತ ಹೇಳೋಕಾಗಲ್ಲ. ನಿಮ್ಮ ಪ್ರಶ್ನೆ ಸರಿಯಾಗಿದೆ.

ಒಂಟಿಸಲಗ:
ಈಗ ದುಃಖ ಆಗಿದ್ದಕ್ಕೆ ಆಯಸ್ಸು ಬೇರೆ ಕಮ್ಮಿ ಆಗುತ್ತೆ ಅಂತ ಹೆದರಬೇಕಾ? ಚೆನ್ನಾಗಿದೆ.

ನಡುಹಗಲು:
ಹಹ್ಹ, ಅದೇ ಅನ್ಸಿತು ನನಗೂ.

ಎಲ್ಲರ ಮಾತೂ ಓದಿದೆ. ಆದ್ರೂ ನಾನು ಕೇಳಿದ್ದು ಮುಚ್ಚಿಹೋದ ಬಾಗಿಲುಗಳ ಬಗ್ಗೆ. ಉನ್ನತ ವ್ಯಾಸಂಗ ಮಾಡಬೇಕು ಅಂತಿತ್ತು, ಮಾಡ್ಲಿಲ್ಲ. ಪಿಟೀಲು ಕಲೀಬೇಕು ಅಂತಿತ್ತು, ಕಲೀಲಿಲ್ಲ. ಈಜು ಕಲೀಬೇಕು ಅಂತಿತ್ತು. ಒಬ್ಬಳೇ ಎಲ್ಲಿಗಾದ್ರೂ ಹೋಗಿ ಒಂದು ವರ್ಷ ಇರಬೇಕು ಅಂತಿತ್ತು. ಇದನ್ನೆಲ್ಲ ಈಗ ಮಾಡಬಹುದು ಅಂತ ಹೇಳ್ತೀರಿ, ಗೊತ್ತು. ಆದ್ರೆ 25ರಲ್ಲಿ ಪಿಟೀಲು ಕಲಿತೋಳು ಬೇರೆಯದೇ ಬಾಳು ಬಾಳ್ತಿದ್ದಳು. ಆ ಬಾಳು ಇನ್ನು ಸಿಗಲ್ಲ.

ಕಟುಸತ್ಯ:
ಸಿಗಲ್ಲ. ಅದು ನಿಜ, ಯಾರೂ ಸಮಾಧಾನ ಹೇಳೋಕಾಗಲ್ಲ.

ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಪಟ್ಟಿಯಲ್ಲಿರೋದ್ರಲ್ಲಿ ಯಾವುದನ್ನ ಮಾಡೋಕೆ ನಿಜವಾಗಿ ಮನಸ್ಸಿತ್ತು, ಯಾವುದನ್ನ ಮಾಡಿದೋಳು ಅಂತ ಅನ್ನಿಸಿಕೊಳ್ಳೋಕೆ ಮನಸ್ಸಿತ್ತು? ನನ್ನ ಪಟ್ಟಿಯಲ್ಲಿ ಕಾದಂಬರಿ ಬರೆಯೋದಿತ್ತು. ವರ್ಷಗಟ್ಟಲೆ ಕೊರಗಿದೆ. ಒಂದು ದಿನ ರಜೆ ಹಾಕಿ ಬರೆಯೋಕೆ ಕೂತೆ, ಮಧ್ಯಾಹ್ನದೊಳಗೆ ಬೇಸರ ಬಂತು. ನನಗೆ ಬೇಕಾಗಿದ್ದು ಕಾದಂಬರಿಕಾರ ಅನ್ನೋ ಹೆಸರು. ಬರೆಯೋ ಕೆಲಸ ಒಂದು ಚೂರೂ ಬೇಡವಾಗಿತ್ತು. ಆ ಬಾಗಿಲು ಮುಚ್ಚಿದ್ದಕ್ಕೆ ಆಮೇಲೆ ದುಃಖ ಆಗಿಲ್ಲ.

ಗುಬ್ಬಿಗೂಡು:
ಕಟುಸತ್ಯ ಇಷ್ಟು ಹೊತ್ತು ಎಲ್ಲಿದ್ರಿ ನೀವು?

ಕಟುಸತ್ಯ:
ಕೆಲಸದಲ್ಲಿ. ಮೊದಲೇ ಹೇಳಿದ್ನಲ್ಲ.

ಬಿಳಿಗಡ್ಡ:
ಸ್ವಲ್ಪ ಭಿನ್ನಾಭಿಪ್ರಾಯ. ‘ಅನ್ನಿಸಿಕೊಳ್ಳೋ’ ಆಸೆಯೂ ಆಸೆಯೇ. ಅದು ಹೋದದ್ದಕ್ಕೂ ಅಳಬಹುದು. ಯಾಕೆ ಎಲ್ಲವನ್ನೂ ವಿಶ್ಲೇಷಣೆ ಮಾಡಿ ಕೊಲ್ಲಬೇಕು?

ಎಪ್ಪತ್ತಾರು:
ಅಳಲಿ. ಅಳೋಕೆ ಒಂದು ಹೊತ್ತು ಅಂತ ಇಟ್ಟುಕೊಳ್ಳಲಿ, ಆಮೇಲೆ ಎದ್ದು ಕೆಲಸ ನೋಡಲಿ. ನನ್ನ ಪಟ್ಟಿಯಲ್ಲಿ ಇದ್ದದ್ದರಲ್ಲಿ ಅರ್ಧ ಮರೆತೇ ಹೋಗಿದೆ, ಅದೂ ಒಂದು ಉಪಕಾರ.

ನಡುಹಗಲು:
ಕಟುಸತ್ಯ, ಸಿಟ್ಟು ಬಂತು, ಆಮೇಲೆ ಯೋಚಿಸಿದೆ. ವ್ಯಾಸಂಗ, ಹೆಸರಿಗೆ. ಪಿಟೀಲು, ಗೊತ್ತಿಲ್ಲ, ಅರ್ಧ ಅರ್ಧ. ಒಂದು ವರ್ಷ ಒಬ್ಬಳೇ ಇರೋದು, ಆಗ ಮನೆಯಿಂದ ಓಡಿಹೋಗಬೇಕು ಅನ್ನಿಸ್ತಿತ್ತು, ಈಗ ಮನೆಯಲ್ಲಿ ಹೇಗೂ ಒಬ್ಬಳೇ. ಈಜು ಮಾತ್ರ ನಿಜ. ನೀರು ಕಂಡ್ರೆ ಈಗಲೂ ಕಾಲು ಇಳಿಸಬೇಕು ಅನ್ಸುತ್ತೆ.

ಕಡಲಕರೆ:
ಈಜಾ? ನಿಮ್ಮ ವಯಸ್ಸಿನಲ್ಲಿ ಧಾರಾಳ ಕಲೀಬಹುದು. ಮಂಡಿ ನೋವಿದ್ದರೂ ತೊಂದರೆ ಇಲ್ಲ, ನೀರು ಮೈಭಾರ ಹೊರ್ತದೆ.

ಹಾದಿಹೋಕ:
55ಕ್ಕೆ ಮೈ ಬಗ್ಗುತ್ತಾ?

ದವಾಖಾನೆ:
ಬಗ್ಗುತ್ತೆ. 1990ರಲ್ಲಿ ಬಂದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನ ಹತ್ತು ಜನಕ್ಕೆ ಎಂಟು ವಾರ ಭಾರ ಎತ್ತಿಸಿದ್ರು. ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಏರಿತು. ಸ್ನಾಯು ವಯಸ್ಸು ನೋಡಿ ಮುಷ್ಕರ ಹೂಡಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಹೇಳುತ್ತೆ, ಈಜು ಅದರಲ್ಲಿ ಬರುತ್ತೆ. ಎಲುಬಿಗೆ ಮಾತ್ರ ಭಾರ ಬೀಳೋ ವ್ಯಾಯಾಮ ಬೇರೆ ಬೇಕು, ನಡಿಗೆ, ಮೆಟ್ಟಿಲು, ತೂಕ ಎತ್ತೋದು. ಬಿಪಿ, ಹೃದಯ ಒಮ್ಮೆ ನೋಡಿಸಿಕೊಂಡು ಇಳೀರಿ.

ನಡುಹಗಲು:
ಒಂದು ಪೆದ್ದ ಪ್ರಶ್ನೆ. ಕನ್ನಡಕ ತೆಗೆದ್ರೆ ನನಗೆ ಎದುರಿಗಿರೋದು ಗೋಡೆಯೋ ಮನುಷ್ಯರೋ ಗೊತ್ತಾಗಲ್ಲ. ನೀರಲ್ಲಿ ಏನ್ಮಾಡೋದು?

ಕಡಲಕರೆ:
ನಂಬರ್ ಇರುವ ಗಾಗಲ್ಸ್ ಸಿಗ್ತದೆ. ಓದುವ ನಂಬರ್ ಬೇಡ, ದೂರದ ನಂಬರ್ ಹೇಳಿ ಮಾಡಿಸಿ.

ಸೂಜಿದಾರ:
ಗಾಗಲ್ಸಿಗೂ ನಂಬರ್ ಇರುತ್ತಾ? ಇದು ನನಗೆ ಹೊಸ ವಿಷಯ. ನನಗೂ ಬೇಕಿತ್ತು.

ಬಿಳಿಗಡ್ಡ:
ಮೊದಲು ತೇಲೋದು ಕಲೀರಿ, ಮಲಗಿ ಆಕಾಶ ನೋಡ್ತಾ. ಕೈಕಾಲು ಬಡಿಯೋದು ಆಮೇಲೆ.

ಕಟುಸತ್ಯ:
ತಪ್ಪು. ಮೊದಲು ನೀರೊಳಗೆ ಮುಖ ಇಟ್ಟು ಉಸಿರು ಬಿಡೋದು ಕಲೀಬೇಕು. ಉಸಿರು ಹಿಡಿದುಕೊಂಡೇ ತೇಲೋಕೆ ಹೋದೋರು ಮೈ ಬಿಗಿ ಮಾಡ್ಕೊಂಡು ಗಾಬರಿ ಬೀಳ್ತಾರೆ.

ಬಿಳಿಗಡ್ಡ:
ನೀವು ಯಾರಿಗಾದ್ರೂ ಕಲಿಸಿದ್ದೀರಾ?

ಕಟುಸತ್ಯ:
ನನ್ನ ಹೆಂಡತಿಗೆ, 50 ದಾಟಿದ ಮೇಲೆ. ಈಗ ನನಗಿಂತ ಮುಂದೆ ಹೋಗ್ತಾಳೆ.

ಒಂಟಿಸಲಗ:
ವಿಷಯಾಂತರಕ್ಕೆ ಕ್ಷಮೆ ಇರಲಿ. @ಎಪ್ಪತ್ತಾರು, ಆ ಬೆಳಗಿನ ಮೆಸೇಜಿನ ವ್ಯವಸ್ಥೆಗೆ ಎಂಟು ಗಂಟೆ ಅಂದ್ರೆ ನನಗೆ ಆಗಲ್ಲ, ರಾತ್ರಿ ಪಾಳಿ, ಏಳೋದೇ ಹತ್ತಕ್ಕೆ. ನನ್ನ ಹಾಗೆ ಹತ್ತಕ್ಕೆ ಏಳೋರು ಯಾರಾದ್ರೂ ಇದ್ದೀರಾ ಇಲ್ಲಿ?

ಕಡಲಕರೆ:
ಕೆಲಸ ಸಿಗುವವರೆಗೆ ನಾನೂ ಹತ್ತಕ್ಕೇ ಏಳುವುದು. ನಂಬರ್ ಖಾಸಗಿಯಾಗಿ ಕಳಿಸಿ.